ಹವಳದ ತೊಟ್ಟಿಯ ಗಂಟು

ಹೊಸ ನೀರು ಕಂಡಲ್ಲಿ ಕೈ ಮುಗಿದು ಒಂದು ಕಾಸು ಹಾಕಬೇಕು ಎಂದು ರಾಯಚೂರು ಸೀಮೆಯ ಹಿರಿಯರು ಹೇಳಿಟ್ಟಿದ್ದಾರೆ. ಬಾವಿಗೆ ಗಂಗೆ ಬಂದರೂ ಅಷ್ಟೆ, ರೈಲು ಕೃಷ್ಣಾ ನದಿಯ ಸೇತುವೆ ದಾಟಿದರೂ ಅಷ್ಟೆ. ಹಾಕಿದ್ದನ್ನು ವಾಪಸು ತೆಗೆಯಬೇಕಾಗಿ ಬಂದರೆ ಏನು ಮಾಡಬೇಕು ಎಂಬುದನ್ನು ಮಾತ್ರ ಯಾವ ಹಿರಿಯರೂ ಹೇಳಿಲ್ಲ. ಹುಸೇನಪ್ಪನ ಕಷ್ಟ ಶುರುವಾದದ್ದು ಅಲ್ಲಿಂದಲೇ.

ದೂರದ ದೊಡ್ಡ ಶಹರದ ಬೇಗಂಪೇಟೆ ಕಡೆ, ಒಂದು ಮ್ಯೂಸಿಯಮ್ಮಿನಲ್ಲಿ ಸಮುದ್ರದ ಹವಳಗಳನ್ನು ಜೀವಂತವಾಗಿ ಇಡಲು ಆನೆ ಮುಳುಗುವಷ್ಟು ದೊಡ್ಡ ಗಾಜಿನ ತೊಟ್ಟಿ ಕಟ್ಟಿದರು. ಹುಸೇನಪ್ಪ ಅಲ್ಲಿಗೆ ಸಿಮೆಂಟು ಹೊರಲು ಬಂದವನು. ಕೆಲಸ ಮುಗಿದು ಮೇಸ್ತ್ರಿಯ ಗುಂಪು ಬೇರೆ ಕಡೆ ಹೋದಾಗ, ತೊಟ್ಟಿ ನೋಡಿಕೊಳ್ಳಲು ಇವನೊಬ್ಬನನ್ನು ಉಳಿಸಿಕೊಂಡು ಕೊರಳಿಗೆ ಫೋಟೋ ಇರುವ ಗುರುತಿನ ಚೀಟಿ ಹಾಕಿದರು. ಹೆಂಡತಿ ಶಂಕ್ರಮ್ಮ ದಿನಾ ಸಂಜೆ ಆ ಚೀಟಿಯನ್ನು ಇಸಿದುಕೊಂಡು, ಸೆರಗಿನಿಂದ ಒರೆಸಿ, ಕುಷಾಯಿಗೂಡದ ಬಾಡಿಗೆ ಕೋಣೆಯಲ್ಲಿ ಹುಲಿಗೆಮ್ಮನ ಪಟದ ಮೊಳೆಗೇ ತೂಗುಹಾಕುತ್ತಿದ್ದಳು. ಕಟ್ಟಡದಿಂದ ಕಟ್ಟಡಕ್ಕೆ ಪಾತ್ರೆ ಗಂಟು ಹೊತ್ತು ತಿರುಗಿದ ಬದುಕು ಇದೇ ಮೊದಲ ಸಲ ಒಂದು ಕಡೆ ಊರಿಕೊಂಡಿತ್ತು.

ತೊಟ್ಟಿಗೆ ಉಪ್ಪುನೀರು ತುಂಬುವ ಹಿಂದಿನ ಸಂಜೆ ಹುಸೇನಪ್ಪನಿಗೆ ನೀರಿನ ದೇವಿ ಗಂಗವ್ವನ ನೆನಪಾಯಿತು. ಇಷ್ಟು ದೊಡ್ಡ ನೀರಿಗೆ ಈಗಿನ ಚಿಲ್ಲರೆ ಹಾಕಿದರೆ ತಾಯಿ ಸಿಟ್ಟಾದಾಳು. ಶಂಕ್ರಮ್ಮನ ಹತ್ತಿರ ಅವಳ ಅವ್ವ ಕೊಟ್ಟ ಹಳೆಯ ತಾಮ್ರದ ಢಬ್ಬು ಕಾಸು ಇತ್ತು. ಅದನ್ನೇ ಕೇಳಿದ. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಗೋಡೆಗೆ ಮುಖ ಮಾಡಿ ಕೂತು, ಅರಿಷಿಣದ ಬಟ್ಟೆಯಲ್ಲಿ ಗಂಟು ಕಟ್ಟಿ, ಕಣ್ಣಿಗೊತ್ತಿ ಕೊಟ್ಟಳು.

ಮರುದಿನ ನೀರು ತುಂಬಿದ ಮೇಲೆ ಹುಸೇನಪ್ಪ ಏಣಿ ಹತ್ತಿ ಕಣ್ಣು ಮುಚ್ಚಿದ. “ತಾಯಿ ಗಂಗವ್ವ, ನಿನ್ನ ಮಕ್ಕಳನ್ನ ನಾ ಕಾಯ್ತೀನಿ. ನನ್ನ ಚಾಕರಿ ನೀ ಕಾಯಿ.” ಗಂಟು ಗುಳುಂ ಎಂದು ಮುಳುಗಿತು. ಅವನ ಮನಸ್ಸು ಹಗುರಾಯಿತು.

ಆ ಹಗುರ ಹೆಚ್ಚು ದಿನ ಉಳಿಯಲಿಲ್ಲ. ಹವಳ ಬರುವ ದಿನ ಬೆಳಿಗ್ಗೆ ವತ್ಸಲಾ ಮೇಡಂ ಎಲ್ಲ ಕೆಲಸದವರನ್ನೂ ತೊಟ್ಟಿಯ ಮುಂದೆ ಕೂರಿಸಿದರು. ಮಂಗಳೂರು ಕಡೆಯವರು, ಹವಳ ಸಾಕುವುದನ್ನೇ ಓದಿಕೊಂಡವರು, ನಗುನಗುತ್ತಲೇ ಹೆದರಿಸುವ ಹೆಣ್ಣುಮಗಳು.

“ಹವಳ ಅಂದ್ರೆ ಕಲ್ಲು ಅಂತ ತಿಳ್ಕೊಳ್ಬೇಡಿ. ಅದು ಜೀವ. ಹಸಿವಾಗ್ತದೆ, ಕಾಯಿಲೆ ಬರ್ತದೆ, ಸಾಯ್ತದೆ. ಅದಕ್ಕೆ ದೊಡ್ಡ ವಿಷ ಎಂತದು ಗೊತ್ತುಂಟಾ? ತಾಮ್ರ. ಒಂದು ಉಂಗುರ, ಒಂದು ತಂತಿ ತುಂಡು, ಒಂದು ನಾಣ್ಯ ಬಿದ್ರೂ ಸಾಕು, ಎಲ್ಲ ಮುಗೀತು.”

ಹುಸೇನಪ್ಪ ಗಂಟು ಬಿದ್ದ ಎಡಗಡೆಯ ನೀರನ್ನೇ ನೋಡತೊಡಗಿದ.

“ಪೆಟ್ಟಿಗೆಗಳು ಸಂಜೆ ವಿಮಾನಕ್ಕೆ ಬರ್ತವೆ. ಅದಕ್ಕೂ ಮೊದಲು ನಾನು ನೀರು ಪರೀಕ್ಷೆ ಮಾಡ್ತೇನೆ. ತಾಮ್ರ ಇದ್ರೆ ಕೊಳವೆಯ ನೀರು ನೀಲಿಯಾಗ್ತದೆ. ಹಾಕಿದವರು ಯಾರು ಅಂತ ಗೊತ್ತಾದ್ರೆ ಅವರು ಇಲ್ಲಿ ಇರುವುದಿಲ್ಲ, ಆಯ್ತಾ.”

ಅವನ ಕೈ ತಾನಾಗಿ ಕೊರಳ ಚೀಟಿಗೆ ಹೋಯಿತು. ಮಕ್ಕಳನ್ನು ಕಾಯುತ್ತೇನೆ ಎಂದು ತಾಯಿಗೆ ಮಾತು ಕೊಟ್ಟು, ಅದೇ ಉಸಿರಿನಲ್ಲಿ ಮಕ್ಕಳ ಹಾಲಿಗೆ ವಿಷ ಹಾಕಿದಂತಾಗಿತ್ತು. ಮೌಲಾಲಿ ಗುಡ್ಡದ ದೇವರಿಗೆ ಸಕ್ಕರೆ ಇಟ್ಟು ಫಾತಿಹಾ ಓದಿಸುತ್ತೇನೆಂದು ಹರಕೆ ಹೊತ್ತ. ಅಷ್ಟಕ್ಕೆ ಭಯ ಇಳಿಯದೆ ಹುಲಿಗೆಮ್ಮನಿಗೂ ಒಂದು ಹೊತ್ತ.

ಬಾಗಿಲ ಕಾವಲಿನ ಭೀಮಾಶಂಕರ ಆಳಂದದ ಕಡೆಯವನು. ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಸದಾ ಪೊಲೀಸು ಅಧಿಕಾರಿಯಂತೆ ನಿಲ್ಲುವವನು. ಹುಸೇನಪ್ಪ ಅವನನ್ನು ಕಂಬದ ಮರೆಗೆ ಕರೆದು ಗುಟ್ಟು ಬಿಚ್ಚಿದ.

ಭೀಮಾಶಂಕರನ ಮುಖ ಸುಣ್ಣದಂತೆ ಬೆಳ್ಳಗಾಯಿತು. “ತೆಗೀಬೇಕು. ಇವತ್ತ ತೆಗೀಬೇಕು.”

“ನಿನಗ್ಯಾಕಪಾ ಇಷ್ಟು ಅಂಜಿಕಿ? ಹಾಕಿದಾಂವ ನಾನು.”

“ದೋಸ್ತ ಅಂದಮ್ಯಾಲ ದೋಸ್ತನ ಅಂಜಿಕಿ ನಂದೂ ಅಲ್ಲೇನೋ?”

ಇಂಥ ಗೆಳೆಯನನ್ನು ಕೊಟ್ಟ ದೇವರಿಗೆ ಹುಸೇನಪ್ಪ ಮನಸ್ಸಿನಲ್ಲೇ ಕೈ ಮುಗಿದ. ಗುಟ್ಟು ಹೇಳಿ ಅವನು ತೊಟ್ಟಿಯ ಹತ್ತಿರ ಬರುವಷ್ಟರಲ್ಲಿ ಅದು ಅವನಿಗಿಂತ ಮುಂಚೆ ಅಲ್ಲಿಗೆ ಬಂದು ಕೂತಿತ್ತು. ಕಸ ಗುಡಿಸುವ ಬಂಡೆಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ, ಜೇಡರ ಬಲೆ ತೆಗೆಯುವ ಉದ್ದನೆಯ ಕೋಲು ಹಿಡಿದು ನಿಂತಿದ್ದಳು. ಅವಳೂ ಕುಷಾಯಿಗೂಡದವಳು, ಶಂಕ್ರಮ್ಮನ ಓಣಿಯವಳು.

“ಎಲ್ಲಾ ಕೇಳೀನೋ ತಮ್ಮಾ. ನಿನ್ನ ಹೇಣ್ತಿಗೂ ಫೋನ್ ಹಚ್ಚಿದ್ದೆ, ಎತ್ತಲಿಲ್ಲ.”

“ಆಕಿಗ್ಯಾಕ ಹೇಳ್ತೀ ಬಂಡೆಮ್ಮಕ್ಕ. ಎದಿ ಒಡಕೋತಾಳ.”

“ಒಡಕೊಳ್ಳಿ ಬಿಡು, ಆಕಿ ಒಬ್ಬಾಕಿನೇ ಯಾಕ ಆರಾಮ ಕುಂತಿರಬೇಕು ಮನಿಯಾಗ? ಈಗ ಹುಡುಕು. ಆ ಬಲಗಡಿ ಕಲ್ಲಿನ ಬುಡಕ್ಕ ನೋಡು.”

“ನಾ ಒಗದಿದ್ದು ಎಡಗಡಿರಿ.”

“ನೀರಾಗ ಬಿದ್ದದ್ದು ಬಿದ್ದಲ್ಲೇ ಇರ್ತದೇನು? ನಾ ಹೇಳ್ತೀನಿ, ಬಲಗಡಿ ನೋಡು.”

ಭೀಮಾಶಂಕರ ಸಂದರ್ಶಕರ ಚೀಲ ಪರೀಕ್ಷಿಸುವ, ಲೋಹ ಕಂಡರೆ ಕೂಗುವ ಕೈಯಂತ್ರ ತಂದ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಂಡೆಮ್ಮನ ಕೋಲಿನ ತುದಿಗೆ ಕಟ್ಟಿ ನೀರಿಗೆ ಇಳಿಬಿಟ್ಟರು. ಅದು ಬಲಗಡೆ ಕುಂಯ್ ಎಂದಿತು. ನಡುವಿನ ಕಲ್ಲುಗವಿಯ ಬಾಯಲ್ಲಿ ಕುಂಯ್ ಎಂದಿತು. ಹಿಂಬದಿಯ ಮೂಲೆಯಲ್ಲೂ ಕೂಗಿತು. ಗಂಟು ಬಿದ್ದಿದ್ದ ಎಡಗಡೆಯಲ್ಲಿ ಮಾತ್ರ ಉಸಿರೆತ್ತಲಿಲ್ಲ.

“ಮಷೀನಿಗೆ ಹುಚ್ಚು ಹಿಡದದ,” ಎಂದು ಭೀಮಾಶಂಕರ ಎತ್ತಲೋ ನೋಡುತ್ತ ಹೇಳಿದ. ಚೀಲದೊಳಗೆ ನೀರು ನುಗ್ಗಿ ಯಂತ್ರ ಗೊರ್ರೆಂದು ಸುಮ್ಮನಾಯಿತು. ಈಗ ಕಾಸಿನ ಜೊತೆಗೆ ಯಂತ್ರದ ಪಾಪವೂ ತಲೆಗೆ ಬಂತು.

“ಉಳಿದದ್ದು ಒಂದೇ ಹಾದಿ,” ಎಂದಳು ಬಂಡೆಮ್ಮ. “ಇಳಿ.”

ಹುಸೇನಪ್ಪನಿಗೆ ಈಜು ಬಾರದು. ಮೊಣಕಾಲಿಗಿಂತ ಮೇಲಿನ ನೀರನ್ನು ಅವನು ದೂರದಿಂದಲೇ ಪೂಜಿಸುವವನು. ತೊಟ್ಟಿಯೊಳಗೆ ನೀಲಿ ದೀಪ ಉರಿಯುತ್ತಿತ್ತು. ಅಲೆ ಎಬ್ಬಿಸುವ ಮೋಟಾರು ಒಳಗಿನಿಂದ ಯಾರೋ ನರಳಿದಂತೆ ಹುಂ, ಹುಂ ಎನ್ನುತ್ತಿತ್ತು. ಗವಿಯ ಬಾಯಿ ಕಪ್ಪಗೆ ತೆರೆದುಕೊಂಡಿತ್ತು. ಒಂದು ಮೀನೂ ಇಲ್ಲದ ನೀರು, ಮೀನಿರುವ ನೀರಿಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ.

ಹುಡುಕಾಟದಲ್ಲೇ ಹೊತ್ತು ಸಂಜೆಗೆ ತಿರುಗಿತ್ತು. ಅಷ್ಟರಲ್ಲಿ ವತ್ಸಲಾ ಮೇಡಮ್ಮಿನ ದನಿ ಹೊರಗಿನ ಹಜಾರದಿಂದ ಕೇಳಿತು. “ಪೆಟ್ಟಿಗೆ ಶಂಶಾಬಾದ್ ವಿಮಾನ ನಿಲ್ದಾಣಕ್ಕೆ ಬಂದು ಮುಟ್ಟಿತಂತೆ. ನಾನು ಪರೀಕ್ಷೆಯ ಸಾಮಾನು ತಕ್ಕೊಂಡು ಬರ್ತೇನೆ.”

ಹುಸೇನಪ್ಪ ಚೀಟಿ ಮತ್ತು ಫೋನು ಬಂಡೆಮ್ಮನ ಕೈಗೆ ಕೊಟ್ಟ. ಅಂಗಿ ಬಿಚ್ಚಿ, ಪಟ್ಟೆ ಚಡ್ಡಿ, ತೂತಿನ ಬನಿಯನ್ನಿನಲ್ಲಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತೊಟ್ಟಿಯ ಮೇಲಿನ ಅಟ್ಟದಿಂದ ಒಳಗಿನ ಏಣಿಯ ಮೆಟ್ಟಿಲುಗಳನ್ನು ಇಳಿದ. ಹಗ್ಗದ ಇನ್ನೊಂದು ತುದಿ ಭೀಮಾಶಂಕರನ ಬಲಗೈಯಲ್ಲಿತ್ತು.

“ಬಿಡಬ್ಯಾಡಪಾ.”

“ಜೀವ ಹೋದ್ರೂ ಬಿಡೂದಿಲ್ಲ.”

ನೀರು ಎದೆಗೆ ಬಂತು, ಗಂಟಲಿಗೆ ಬಂತು. ಆಗಲೇ ಬಾಗಿಲು ತೆರೆದು ಮ್ಯೂಸಿಯಮ್ಮಿನ ದೊಡ್ಡ ಸಾಹೇಬರು ಆನಂದಕುಮಾರ್ ಒಳಗೆ ಬಂದರು. ದೊಡ್ಡವರನ್ನು ಕಂಡರೆ ಸೆಲ್ಯೂಟ್ ಹೊಡೆಯುವುದು ಭೀಮಾಶಂಕರನ ರಕ್ತದಲ್ಲಿತ್ತು. ಅವನು ಟಪ್ಪೆಂದು ಬೂಟು ಕುಟ್ಟಿ ಬಲಗೈಯನ್ನು ಹಣೆಗೆ ಒಯ್ದ. ಹಗ್ಗ ಸರಸರನೆ ನೀರಿಗೆ ಹೋಯಿತು. ಅದರ ಹಿಂದೆಯೇ ಹುಸೇನಪ್ಪನೂ ಹೋದ.

ಕೆಳಗೆ ಅವನಿಗೆ ಕಂಡದ್ದು ಇನ್ನೊಬ್ಬ ಮನುಷ್ಯ. ಕುಂಬಳಕಾಯಿಯಷ್ಟು ತಲೆ, ಬಾಯಿ ತೆರೆದು ಅವನತ್ತಲೇ ಬರುತ್ತಿದ್ದ. ಅದು ಗಾಜಿನಲ್ಲಿ ಮೂಡಿದ ತನ್ನದೇ ಮುಖ ಎಂದು ತಿಳಿಯುವಷ್ಟು ವ್ಯವಧಾನ ಯಾರಿಗಿರುತ್ತದೆ? ಕೈಕಾಲು ಬಡಿದ. ಬೆನ್ನಿಗೆ ಹಾವಿನಂಥದು ಸುತ್ತಿಕೊಂಡಿತು; ಅದು ಅವನದೇ ಹಗ್ಗ. ಮರಳಿನಲ್ಲಿ ಬೆರಳು ಊರಿದಾಗ ದುಂಡನೆಯದೊಂದು ತಾಗಿತು. ಮುಷ್ಟಿ ಬಿಗಿ ಹಿಡಿದ. ಉಪ್ಪುನೀರು ಮನುಷ್ಯರನ್ನು ಬೇಗ ತೇಲಿಸುತ್ತದೆ. ಪುಣ್ಯಕ್ಕೆ ಅವನ ತಲೆ ಏಣಿಯ ಹತ್ತಿರವೇ ಎದ್ದಿತು.

ಏಣಿ ತಬ್ಬಿಕೊಂಡು ಕಣ್ಣು ಬಿಟ್ಟರೆ ಆನಂದಕುಮಾರ್ ಮೇಲಿನಿಂದ ಬಗ್ಗಿ ನೋಡುತ್ತಿದ್ದರು. ಬೈಯಲಿಲ್ಲ. ಬೈದಿದ್ದರೆ ಹುಸೇನಪ್ಪನಿಗೆ ಅಷ್ಟು ಅಂಜಿಕೆಯಾಗುತ್ತಿರಲಿಲ್ಲ. ಅವರು ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ, “ಗವಿ ಕಡೆ ಹೋಗಿದ್ಯಾ? ಅಲ್ಲೇನಾದ್ರೂ ಕಾಣಿಸ್ತಾ?” ಎಂದು ಕೇಳಿದರು.

ಅವನು ಉತ್ತರ ಹುಡುಕುವ ಮೊದಲೇ ವತ್ಸಲಾ ಮೇಡಂ, ಹೊರಗಿನ ನಲ್ಲಿಯಿಂದ ತೊಟ್ಟಿಯ ನೀರು ತುಂಬಿಕೊಂಡ ಗಾಜಿನ ಕೊಳವೆ ಹಿಡಿದು ಬಂದು ನಿಂತರು. ಕೊಳವೆಯ ನೀರು ತಿಳಿ ನೀಲಿಯಾಗಿತ್ತು. ಅವರು ಮೊದಲು ಕೊಳವೆ ನೋಡಿದರು, ಆಮೇಲೆ ಬನಿಯನ್ನು, ಕೊನೆಗೆ ಮುಷ್ಟಿ.

“ಕೈ ಬಿಡಿಸಿ.”

ಹುಸೇನಪ್ಪ ಬಿಡಿಸಿದ. ಅಂಗೈಯಲ್ಲಿ ಹಳೆಯ ತಾಮ್ರದ ಕಾಸು.

“ನಿಮ್ಮದಾ ಇದು?”

ಅವನು ನೋಡಿದ. ಬಟ್ಟೆಯಿಲ್ಲ, ಗಂಟಿಲ್ಲ, ಶಂಕ್ರಮ್ಮನ ಢಬ್ಬಿನಷ್ಟು ದಪ್ಪವೂ ಇಲ್ಲ. ಹೌದು ಎಂದರೆ ಚಾಕರಿ ಹೋಗುತ್ತದೆ, ತನ್ನ ಕಾಸು ಒಳಗೇ ಉಳಿದು ಹವಳವೂ ಹೋಗುತ್ತದೆ. ಅಲ್ಲ ಎಂದು ಸುಮ್ಮನಾದರೆ ಚಾಕರಿ ಉಳಿದೀತು, ಜೀವಗಳು ಸಾಯುತ್ತವೆ. ಗಂಗವ್ವನ ನೀರಿನಲ್ಲೇ ನಿಂತು ಸುಳ್ಳು ಹೇಳುವುದಕ್ಕೆ ಅವನ ನಾಲಿಗೆ ಹೊರಳಲಿಲ್ಲ.

“ಇದು ನಂದಲ್ಲರಿ ಮೇಡಮ್ಮಾರ. ನಂದು ಇನ್ನೂ ಒಳಗ ಐತಿ. ಅರಿಷಿಣದ ಬಟ್ಯಾಗ ಕಟ್ಟಿ ಹಾಕೀನಿ.”

ಬಂಡೆಮ್ಮ ಕೋಲಿಗೆ ಒರಗಿ ನಿಟ್ಟುಸಿರು ಬಿಟ್ಟಳು.

“ಅದು ನಂದ್ರಿ. ದೊಡ್ಡ ನೀರು ಕಂಡ್ರ ಹಂಗ ಹ್ಯಾಂಗ ಹೋಗೂದು? ಬಲಗಡಿ ನೋಡಂತ ಬಡಕೊಂಡೆ ಇಂವಗ.”

ಭೀಮಾಶಂಕರ ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡ. “ನಂದೂ ಒಂದದರಿ. ಹಿಂದಿನ ಮೂಲ್ಯಾಗ.”

ಎಲ್ಲರೂ ಆನಂದಕುಮಾರರ ಕಡೆ ನೋಡಿದರು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ನಮ್ಮ ಅಮ್ಮ ಬೀದರದಿಂದ ಫೋನ್ ಮಾಡಿ, ಹಾಕಲೇಬೇಕು ಅಂದ್ರು. ಗವಿ ಹತ್ರ. ಅವರ ಮಾತು ಮೀರೋಕೆ ಆಗ್ಲಿಲ್ಲ.”

ವತ್ಸಲಾ ಮೇಡಂ ಅಲ್ಲೇ ಇದ್ದ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತರು. “ನನಗೆ ಹವಳ ಸಾಕುವುದು ಗೊತ್ತುಂಟು. ನಿಮ್ಮನ್ನು ಹೇಗೆ ಸಾಕುವುದು ಮಾರಾಯ್ರೆ?” ಹಣೆ ತಿಕ್ಕಿಕೊಂಡರು. “ಸಾಹೇಬರೇ ಹಾಕಿದ್ದಾರೆ ಅಂದ ಮೇಲೆ ಯಾರನ್ನು ಓಡಿಸುವುದು? ಈಗ ತಾಮ್ರ ಸ್ವಲ್ಪವೇ ಇದೆ. ಇದ್ದಿಲಿನಲ್ಲಿ ನೀರು ಸೋಸಿದ್ರೆ ಹೋಗ್ತದೆ. ಆದ್ರೆ ಒಂದೂ ಒಳಗೆ ಉಳಿಯಬಾರದು. ಯಾರು ಇಳಿಯುವುದು?”

ಭೀಮಾಶಂಕರನ ಇಸ್ತ್ರಿ ಗೆರೆ ಮುರಿದಿರಲಿಲ್ಲ. ಸಾಹೇಬರ ಬೂಟು ಫಳಫಳ ಹೊಳೆಯುತ್ತಿತ್ತು. ಬಂಡೆಮ್ಮನಿಗೆ ವಯಸ್ಸಾಗಿತ್ತು.

“ಹುಸೇನ್ಯಾ,” ಎಂದ ಭೀಮಾಶಂಕರ ಮೆತ್ತಗೆ, “ನೀ ಹೆಂಗೂ ತೋಯ್ದೀದಿ.”

ಈ ಸಲ ಸಾಹೇಬರೇ ಹಗ್ಗ ಹಿಡಿದರು. ಹುಸೇನಪ್ಪ ಹುಲಿಗೆಮ್ಮನನ್ನು ನೆನೆಯುತ್ತ ಮುಳುಗಿ ಮೂಲೆಯ ಕಾಸು ತಂದ. ಮೌಲಾಲಿಯನ್ನು ನೆನೆಯುತ್ತ ಗವಿಯ ಕತ್ತಲಿಗೆ ಕೈ ಹಾಕಿ ಸಾಹೇಬರದನ್ನು ತಂದ. ಸಾಹೇಬರು ಅದನ್ನು ಕಣ್ಣಿಗೊತ್ತಿ ಜೇಬಿಗಿಳಿಸಿದರು. ಸಿಗದೆ ಹೋದದ್ದು ಅವನದೊಂದೇ. ಎಡಗಡೆಯೆಲ್ಲ ಜಾಲಾಡಿದ, ಅಲೆ ಅದನ್ನು ಯಾವ ಸಂದಿಗೆ ನೂಕಿತ್ತೋ. ಹಲ್ಲು ಕಟಕಟಿಸುತ್ತಿತ್ತು, ತುಟಿ ನೇರಳೆಯಾಗಿತ್ತು. ಪೆಟ್ಟಿಗೆಗಳ ಗಾಡಿ ಗೇಟಿಗೆ ಬಂದು ಹಾರ್ನ್ ಹೊಡೆಯಿತು. ತನ್ನೊಬ್ಬನಿಂದಲೇ ಆ ಜೀವಗಳೆಲ್ಲ ಸಾಯುತ್ತವೆ ಎಂದು ಅವನ ಕಣ್ಣಲ್ಲಿ ನೀರು ಬಂತು. ಉಪ್ಪುನೀರಿನಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ.

ಆಗ ಬಂಡೆಮ್ಮನ ಸೊಂಟದಲ್ಲಿದ್ದ ಅವಳದೇ ಫೋನು ಹಾಡತೊಡಗಿತು. ಶಂಕ್ರಮ್ಮ. ಬಂಡೆಮ್ಮ ಎಲ್ಲರಿಗೂ ಕೇಳುವಂತೆ ಗುಂಡಿ ಒತ್ತಿದಳು.

“ಬಂಡೆಮ್ಮಕ್ಕ, ಯಾಕ ಫೋನ್ ಹಚ್ಚಿದ್ದಿ? ನೀರಿಗೆ ಹೋಗಿದ್ನಿ.”

“ನೀ ಒಬ್ಬಾಕಿನೇ ಅಲ್ಲವ್ವಾ, ಇಲ್ಲಿ ನಿನ್ನ ಗಂಡನೂ ನೀರಾಗ ಅದಾನ. ನಿಮ್ಮವ್ವನ ಢಬ್ಬು ಹುಡುಕ್ಲಿಕತ್ತಾನ. ತಾಮ್ರ ಇದ್ರ ಹವಳ ಸಾಯ್ತಾವಂತ.”

ಆ ಕಡೆಯಿಂದ ತಪ್ಪಿತಸ್ಥಳ ಸಣ್ಣ ದನಿ ಬಂತು.

“ಹುಡುಕಬ್ಯಾಡ ಅನ್ರಿ. ಢಬ್ಬು ಇಲ್ಲೇ ಐತಿ, ಅಕ್ಕಿ ಡಬ್ಬಿಯಾಗ. ಹೆತ್ತವ್ವ ಕೊಟ್ಟದ್ದು ನೀರಿಗೆ ಒಗೀಲಿಕ್ಕ ಮನಸಾಗಲಿಲ್ರಿ. ಗಂಟಿನಾಗ ಅಡಿಕಿ ಇಟ್ಟು, ಭಾರ ಇರಲಿ ಅಂತ ಒಂದು ಹರಳ ಕಲ್ಲ ಕಟ್ಟಿದ್ದೆ. ಗಂಗವ್ವ ಹೆಣ್ಣುಮಗಳು, ತಿಳಕೋತಾಳ ಅಂದ್ಕೊಂಡೆ.”

ಭೀಮಾಶಂಕರ ಮೊದಲು ನಕ್ಕ, ಆಮೇಲೆ ಸಾಹೇಬರು. “ಅರೇ, ನಮ್ಮೆಲ್ಲರಲ್ಲಿ ತಪ್ಪು ಮಾಡದವನು ನೀನೊಬ್ಬನೇ ಕಣಯ್ಯಾ,” ಎಂದರು.

ಹುಸೇನಪ್ಪನ ಎದೆಯ ಮೇಲಿನ ಬಂಡೆ ಸರಿಯಿತು. ಹೆಂಡತಿ ಮೋಸ ಮಾಡಿದಳೋ, ತಾಯಿಯೇ ಅವಳ ಕೈಯಿಂದ ಮಾಡಿಸಿದಳೋ, ಅಂತೂ ಅವನ ಕೈಯಿಂದ ವಿಷ ಬಿದ್ದಿರಲಿಲ್ಲ. ಮೇಲೆ ಹತ್ತಿ, ಒಣ ಬಟ್ಟೆ ಹಾಕಿ, ಒಂದು ಬಿಸಿ ಚಹಾ ಕುಡಿದರೆ ಆ ದಿನ ಮುಗಿದಂತೆಯೇ. ಏಣಿಯ ಮೇಲಿನ ಮೆಟ್ಟಿಲಿಗೆ ಕಾಲಿಟ್ಟ.

“ಒಂದು ನಿಮಿಷ,” ಎಂದು ವತ್ಸಲಾ ಮೇಡಂ ಬಕೆಟ್ಟಿನ ಮೇಲಿಂದ ಎದ್ದರು. “ಅಡಿಕೆ ಅಂದ್ರಾ? ಅರಿಷಿಣದ ಬಟ್ಟೆಯಲ್ಲಿ? ಎರಡೂ ಬಣ್ಣ ಬಿಡ್ತವೆ. ಅದೂ ಒಳಗಿರಬಾರದು.”

ಹುಸೇನಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರೂ ಒಣ ಬಟ್ಟೆಯಲ್ಲಿದ್ದರು. ಬಂಡೆಮ್ಮ ಮೇಲಿನಿಂದ ಬಗ್ಗಿ, ಸ್ವಂತ ತಮ್ಮನಿಗೆ ಹೇಳುವಷ್ಟು ಅಕ್ಕರೆಯಿಂದ ಹೇಳಿದಳು:

“ಇನ್ನೊಮ್ಮೆ ಮುಳುಗೋ ಮಗನ. ನೀ ಹೆಂಗೂ ತೋಯ್ದೀದಿ.”