ಬಾಯಿಲ್ಲದ ಪೆಟ್ಟಿಗೆ

ಎರಡರಲ್ಲಿ ಒಂದನ್ನು ಆರಿಸುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ನನಗಂತೂ ಬರುವುದಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಯಾಕೆಂದರೆ ಹಾನಗಲ್ಲಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷದಿಂದ ವಿಜ್ಞಾನ ಕಲಿಸುತ್ತಿರುವ ನಾನು ಪ್ರತಿ ಪರೀಕ್ಷೆಯಲ್ಲೂ ‘ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಆರಿಸಿ ಬರೆಯಿರಿ’ ಎಂದು ಮಕ್ಕಳಿಗೆ ಅಪ್ಪಣೆ ಮಾಡುತ್ತೇನೆ. ಒಂದೊಂದಕ್ಕೆ ಒಂದೊಂದು ನಿಮಿಷ. ಪೆನ್ನಿನ ತುದಿ ಕಚ್ಚುತ್ತ ಕುಳಿತವರ ಮೇಲೆ ಕಣ್ಣು ಬಿಡುತ್ತೇನೆ. ಅದೇ ಸಂಜೆ ಸಂತೆಯಲ್ಲಿ ಎರಡು ಬದನೆಕಾಯಿ ಗುಂಪೆಗಳ ಮುಂದೆ ಅರ್ಧ ತಾಸು ನಿಂತು, ಕೊನೆಗೆ ಎರಡನ್ನೂ ಬಿಟ್ಟು ಹೀರೇಕಾಯಿ ತರುವವನೂ ನಾನೇ. ನನ್ನ ಹೆಂಡತಿ ಶಾಂತಾ ಇದನ್ನು ಚೆನ್ನಾಗಿ ಬಲ್ಲಳು. ‘ನನ್ನ ನೋಡಾಕ ಬಂದ ದಿನ ನಿಮಗ ಇನ್ನೊಂದು ಕನ್ಯಾ ತೋರಿಸಿದ್ರ, ನಿಮ್ಮ ಲಗ್ನ ಇವತ್ತಿಗೂ ಆಗ್ತಿದ್ದಿಲ್ಲ ನೋಡ್ರಿ’ ಎನ್ನುತ್ತಾಳೆ.

ಇದು ನಮ್ಮ ಮನೆತನದಲ್ಲೇ ಹರಿದು ಬಂದ ಗುಣ ಎಂದು ನನ್ನ ಅನುಮಾನ. ನಮ್ಮಪ್ಪ ಜೋಡಿ ಎತ್ತು ಕೊಳ್ಳಲು ಹೊರಟರೆ ಮೂರು ಸಂತೆ ಸುಮ್ಮನೆ ತಿರುಗುತ್ತಿದ್ದ. ಹಲ್ಲು ಎಣಿಸುವುದು, ಸುಳಿ ನೋಡುವುದು, ನಡೆಸಿ ನೋಡುವುದು, ನಡೆಸಿದ್ದನ್ನೇ ಮತ್ತೆ ನಡೆಸುವುದು. ಒಂದು ವರ್ಷ ಹೀಗೆ ನೋಡುತ್ತಿರುವಾಗಲೇ ಬಿತ್ತುವ ಹದ ಹೋಗಿಬಿಟ್ಟಿತು. ಅವ್ವ ಒಲೆಯ ಮುಂದೆ ಕುಳಿತೇ ‘ಸುಳಿ ನೋಡಿ ನೋಡಿ ಮಳಿ ಹೋತು’ ಎಂದಳು. ಆ ಮಾತು ಊರಲ್ಲೆಲ್ಲ ಹಬ್ಬಿ, ಅಪ್ಪ ಬಹಳ ದಿನ ಕಟ್ಟೆಯ ಕಡೆ ಹೋಗಲಿಲ್ಲ. ಆಗ ನಾನು ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ.

ಈ ರೋಗ ತಗಲದವಳು ನಮ್ಮಲ್ಲಿ ಅಕ್ಕ ಒಬ್ಬಳೇ. ಹೆಸರು ಗಂಗವ್ವ, ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ನನ್ನನ್ನು ಎತ್ತಿ ಆಡಿಸಿದವಳು, ಅಷ್ಟೇ ಪ್ರೀತಿಯಿಂದ ಕಿವಿ ಹಿಂಡಿ ಮಗ್ಗಿ ಕಲಿಸಿದವಳು. ಅವಳನ್ನು ಸವಣೂರು ತಾಲೂಕಿನ ಹತ್ತಿಮತ್ತೂರಿಗೆ ಕೊಟ್ಟಿದ್ದರು. ಮಾಮಾ, ಅಂದರೆ ಅಕ್ಕನ ಗಂಡ, ಒಕ್ಕಲುತನದ ಆಸಾಮಿ. ಎತ್ತರದ ಆಳು, ದಪ್ಪ ಮೀಸೆ. ಆದರೆ ಊರಿನ ದೊಡ್ಡಾಟದಲ್ಲಿ ರಾಣಿಯ ಪಾತ್ರಕ್ಕೆ ಅವರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ, ಕಂಠ ಹಾಗಿತ್ತು. ಆಟದ ಹಿಂದಿನ ದಿನ ಮೀಸೆ ಬೋಳಿಸಿಕೊಂಡು, ಅಕ್ಕನ ಲಗ್ನದ ಕೆಂಪು ಇಲಕಲ್ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಹೊರಡುತ್ತಿದ್ದರು. ಒಂದೇ ಷರತ್ತು, ಅಕ್ಕ ನೋಡಲು ಬರಬಾರದು. ‘ನೀ ಮುಂದ ಬಂದು ಕುಂತ್ರ ನನಗ ಮಾತ ಬರೂದಿಲ್ಲ’ ಎನ್ನುತ್ತಿದ್ದರಂತೆ. ಹೀಗಾಗಿ ಪ್ರತಿ ಸಲ ಅಕ್ಕ ರಂಗದ ಹಿಂದಿನ ಮನೆಯಲ್ಲಿ ಮೇಳದವರಿಗೆ ಮಿರ್ಚಿ ಕರಿಯುತ್ತ, ಗಂಡನ ಹಾಡನ್ನು ಕಿವಿಯಿಂದ ಕೇಳಿದಳೇ ಹೊರತು ಕಣ್ಣಿಂದ ನೋಡಲಿಲ್ಲ. ಊರಿಗೆಲ್ಲ ಕಂಡ ರಾಣಿ ಅವಳೊಬ್ಬಳಿಗೆ ಕಾಣಲಿಲ್ಲ.

ಮಾಮಾ ವೇಷ ಕಟ್ಟಿದ ಕೊನೆಯ ಆಟವನ್ನು ಲಗ್ನದ ವಿಡಿಯೊ ತೆಗೆಯುವವನೊಬ್ಬ ತೆಗೆದು ಡಿಸ್ಕ್ ಮಾಡಿ ಕೊಟ್ಟಿದ್ದ. ಅವರಿರುವವರೆಗೂ ಅದನ್ನು ಅಕ್ಕನಿಗೆ ತೋರಿಸಗೊಡಲಿಲ್ಲ. ಅವರು ಹೋಗಿ ನಾಲ್ಕು ವರ್ಷವಾಯಿತು. ಆಮೇಲೆ ಅಕ್ಕ ನಮ್ಮ ಮನೆಯಲ್ಲೇ ಇರಲು ಬರುವಾಗ ತಂದ ಟ್ರಂಕಿನಲ್ಲಿ ಆ ಕೆಂಪು ಸೀರೆ ಇತ್ತು, ಸೀರೆಯ ಮಡಿಕೆಯಲ್ಲಿ ಆ ಡಿಸ್ಕ್ ಇತ್ತು. ಮಕ್ಕಳಿಲ್ಲದ ಅವಳ ಸಂಸಾರದಲ್ಲಿ ಉಳಿದದ್ದು ಅದಿಷ್ಟೇ ಎಂದರೂ ನಡೆದೀತು.

ಹೋದ ವರ್ಷ ಅಕ್ಕನಿಗೆ ಅಕ್ಕಿಯಲ್ಲಿನ ಹರಳು ಕಾಣದಾಯಿತು. ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ‘ಕಣ್ಣಿನ ಪರದೆ ನಟ್ಟನಡುವ ಸವದೈತ್ರಿ ಸರ್. ಸ್ವಲ್ಪ ದಿನ ತಡೀಬಹುದು, ಹೋಗಿದ್ದು ತಿರುಗಿ ಬರೂದಿಲ್ಲ. ಅವರಿಗೆ ಏನರ ತೋರಿಸೂದಿದ್ರ ಲಗೂನ ತೋರಿಸ್ರಿ, ದೊಡ್ಡದು ಮಾಡಿ ತೋರಿಸ್ರಿ’ ಎಂದರು. ಪಕ್ಕಕ್ಕೆ ಕರೆದರೇನು, ಅಕ್ಕನ ಕಿವಿ ಚುರುಕು. ಬರುವಾಗ ಬಸ್ಸಿನಲ್ಲಿ, ‘ಬಸೂ, ನಿಮ್ಮ ಮಾಮಾನ್ನ ಒಂದ ಸಲ ನನ್ನ ಸೀರ್ಯಾಗ ನೋಡ್ಬೇಕಲೋ. ಆಮ್ಯಾಲ ಈ ಕಣ್ಣು ಬೇಕಾದ್ದ ಮಾಡ್ಕೊಳ್ಳಿ’ ಎಂದಳು. ಆಯಿತಕ್ಕಾ ಎಂದೆ. ಅಷ್ಟೇ ಕೆಲಸ. ಹಳೆಯ ಡಿಸ್ಕ್ ಓಡಿಸುವ ಒಂದು ಸಾದಾ ಪ್ಲೇಯರ್ ಎಲ್ಲಿಂದಲಾದರೂ ತಂದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ವಿಜ್ಞಾನದ ಮಾಸ್ತರ. ನಮ್ಮ ಮನೆಯ ಟಿವಿ ದೊಡ್ಡದು, ಬುದ್ಧಿ ಇಲ್ಲದ್ದು. ಅದಕ್ಕೆ ಇಂಟರ್‌ನೆಟ್ ಬರಬೇಕು, ಅಕ್ಕನಿಗೆ ಪ್ರವಚನ ಬರಬೇಕು, ಹಳೆಯ ಸಿನಿಮಾ ಬರಬೇಕು, ಜೊತೆಗೆ ಡಿಸ್ಕೂ ಓಡಬೇಕು, ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಆಗಬೇಕು ಎಂದು ಲೆಕ್ಕ ಹಾಕಿದೆ. ಅಂಗಡಿಯವನು, ‘ಹಂಗಾರ ಗೇಮ್ ಕನ್ಸೋಲ್ ತಗೋರಿ ಸರ್, ಎಲ್ಲಾ ಅದರಾಗ ಬರತೈತಿ. ಗೇಮ್ ಆಡೂದು ಬಿಡೂದು ನಿಮಗ ಬಿಟ್ಟದ್ದು’ ಎಂದ. ಎರಡು ಕಂಪನಿಯವು ಇದ್ದವು, ಒಂದು ಕರಿಯದು, ಒಂದು ಬಿಳಿಯದು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಕರಿಯದು ಶಿಗ್ಗಾಂವಿಯಲ್ಲಿರುವ ಶಾಂತಾಳ ಅಣ್ಣ ವಿರೂಪಾಕ್ಷಪ್ಪನ ಮನೆಯಲ್ಲಿತ್ತು. ಒಂದು ಭಾನುವಾರ ಹೋದೆ. ಗಿರಮಿಟ್ಟು, ಮಿರ್ಚಿ, ಚಹಾ ಆದಮೇಲೆ ಆತ ಪೆಟ್ಟಿಗೆಯ ಮೇಲಿನ ಟವೆಲ್ ಸರಿಸಿ ದರ್ಶನ ಮಾಡಿಸಿದ. ಡಿಸ್ಕ್ ಹಾಕಿ ಸಿನಿಮಾ ತೋರಿಸಿದ, ಇಂಟರ್‌ನೆಟ್ಟು ತೋರಿಸಿದ. ‘ಇದು ಗಟ್ಟಿ ಮಾಲು ನೋಡ್ರಿ ಮಾಸ್ತರ. ಆ ಬಿಳೀದು ಬರೇ ಚೆಲುವಿ, ಕೆಲಸಕ್ಕಿಲ್ಲ’ ಎಂದ. ನಾನು ಪೆಟ್ಟಿಗೆಯನ್ನು ಎತ್ತಿ ಭಾರ ನೋಡಿದೆ, ತಿರುವಿ ಹಿಂದಿನ ತೂತುಗಳನ್ನು ಎಣಿಸಿದೆ. ಅಪ್ಪ ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತಿದ್ದದ್ದು ಆಗ ನೆನಪಾಗಲಿಲ್ಲ. ಇದೇ ಸೈ ಎಂದುಕೊಂಡು ಬಸ್ಸು ಹತ್ತಿದವನು ಹಾನಗಲ್ಲಿನಲ್ಲಿ ಇಳಿಯುವಷ್ಟರಲ್ಲಿ, ಬಿಳಿಯದನ್ನೂ ಒಮ್ಮೆ ನೋಡಿಬಿಡುವುದು ನ್ಯಾಯ ಎಂದುಕೊಂಡಿದ್ದೆ.

ಬಿಳಿಯದು ಹಿರೇಕೆರೂರಿನಲ್ಲಿ, ಹಿಂದೆ ನನ್ನ ಜೊತೆ ಕೆಲಸ ಮಾಡಿದ ಪಾಟೀಲ ಮಾಸ್ತರರ ಮನೆಯಲ್ಲಿ. ಅಲ್ಲಿಗೆ ಹೋಗಲು ಪುರುಸೊತ್ತಾದದ್ದು ಒಂದೂವರೆ ತಿಂಗಳ ಮೇಲೆ. ಪಾಟೀಲರು ಅದನ್ನು ಅಂಗೈ ಮೇಲೆ ಇಟ್ಟು ತೋರಿಸಿದರು. ‘ಸಪ್ಪಳ ಐತೇನ್ರಿ? ಇಲ್ಲ. ಕರೆಂಟ್ ಎಷ್ಟ ತಿಂತೈತಿ? ಒಂದ ದೀಪದಷ್ಟು. ಮತ್ತ ಇಲ್ಲಿ ನೋಡ್ರಿ, ಮುಂದ ಎಲ್ಲೂ ಬಾಯಿಲ್ಲ, ಕಂಡಿ ಇಲ್ಲ. ಧೂಳ ಹೋಗೂದಿಲ್ಲ, ಇರವಿ ಹೋಗೂದಿಲ್ಲ, ಹಲ್ಲಿ ತತ್ತಿ ಇಡೂದಿಲ್ಲ.’ ಈ ಮಾತು ನನ್ನ ಮನಸ್ಸಿಗೆ ನಾಟಿತು. ನಮ್ಮ ಮನೆಯ ಹಳೆಯ ರೇಡಿಯೊವನ್ನು ಇರುವೆಗಳೇ ಸಂಸಾರ ಹೂಡಿ ಕೆಡಿಸಿದ್ದವು. ಮನೆಗೆ ಬಂದವನೇ ನನ್ನ ನೋಟ್‌ಬುಕ್ಕಿನಲ್ಲಿ ಬಿಳಿಯದರ ಕಾಲಮ್ಮಿನಲ್ಲಿ ‘ಬಾಯಿಲ್ಲ’ ಎಂದು ಬರೆದು ಎರಡು ಗೆರೆ ಎಳೆದೆ. ಆ ನೋಟ್‌ಬುಕ್ಕಿನಲ್ಲಿ ಎರಡೂ ಪೆಟ್ಟಿಗೆಗಳ ಗುಣದೋಷಗಳು ನಾಲ್ಕು ಪುಟ ತುಂಬಿದ್ದವು. ಡಿಸ್ಕಿನ ವಿಷಯ ಮಾತ್ರ ಬರೆದಿರಲಿಲ್ಲ. ಅದು ಮೊದಲನೆಯ ಮಾತು, ಮರೆಯುವಂಥದ್ದಲ್ಲ ಎಂದು ಬರೆಯದೆ ಬಿಟ್ಟಿದ್ದೆ.

ಇಷ್ಟರಲ್ಲಿ ಅಕ್ಕ ಟಿವಿಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು ಕೂರತೊಡಗಿದ್ದಳು. ಪ್ರತಿ ವಾರ ಒಂದು ಗೇಣು ಮುಂದೆ. ನನ್ನನ್ನು ಏನೂ ಕೇಳುತ್ತಿರಲಿಲ್ಲ. ಶಾಂತಾ ಮಾತ್ರ ಸುಮ್ಮನಿರಲಿಲ್ಲ. ‘ನಿಮಗ ತಿಳೀಲಿಲ್ಲಂದ್ರ ದೇವರನ್ನರ ಕೇಳ್ರಿ’ ಎಂದಳು. ನಮ್ಮ ಕಡೆ ಇದೊಂದು ಪದ್ಧತಿ. ದೇವರ ಎಡಕ್ಕೂ ಬಲಕ್ಕೂ ಹೂ ಹಚ್ಚಿ ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ನಿಲ್ಲುವುದು. ಬಲಗಡೆಯ ಹೂ ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಹೆಣ್ಣು ಕೊಡುವವರು, ಬಾವಿ ತೆಗೆಯುವವರು, ಪಾಲಾಗುವ ಅಣ್ಣತಮ್ಮಂದಿರು ಬಂದು ಕೇಳುತ್ತಾರೆ. ನಾನು ವೀರಭದ್ರನ ಮುಂದೆ ಕೈಮುಗಿದು, ‘ಬಿಳಿಯದು ಚಲೋದೇನಪ್ಪಾ?’ ಎಂದು ಕೇಳಿದೆ. ಬಲಗಡೆಯ ಹೂ ತಡಮಾಡದೆ ಬಿತ್ತು. ಅರ್ಚಕರಾದ ಸ್ವಾಮಿಗಳು, ‘ಒಳ್ಳೇದಾತು ಸರ್. ಮಗಳ ಲಗ್ನದ ಮಾತೇನ್ರಿ?’ ಎಂದರು. ‘ಸ್ವಲ್ಪ ಹಂಗ ಅನ್ರಿ’ ಎಂದು ಬಂದುಬಿಟ್ಟೆ. ಈಗ ಯೋಚಿಸಿದರೆ ದೇವರದೇನೂ ತಪ್ಪಿಲ್ಲ. ಯಾವುದು ಚಲೋ ಎಂದು ಕೇಳಿದೆನೇ ಹೊರತು, ಯಾತಕ್ಕೆ ಬೇಕು ಎಂಬುದನ್ನು ಅವನಿಗೂ ಹೇಳಿರಲಿಲ್ಲ.

ಬಿಳಿಯ ಪೆಟ್ಟಿಗೆ ಬಂದ ಸಂಜೆ ಅಕ್ಕ ಮುಖ ತೊಳೆದು, ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಟಿವಿಯ ಮುಂದೆ ಒಂದು ಮೊಳದ ದೂರದಲ್ಲಿ ಕುಳಿತಳು. ಟ್ರಂಕು ತೆಗೆದು ಡಿಸ್ಕನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಹಿಡಿದು ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತೆ. ಮುಂದೆ ನೋಡಿದೆ, ಹಿಂದೆ ನೋಡಿದೆ, ಎತ್ತಿ ತಳ ನೋಡಿದೆ. ಶಾಂತಾ ಬಾಗಿಲಲ್ಲಿ ನಿಂತವಳು, ‘ಏನ್ರಿ, ಇದಕ್ಕ ಬಾಯಿನ ಇಲ್ಲಲ್ಲ’ ಎಂದಳು. ನಾನು ಎರಡು ಗೆರೆ ಎಳೆದು ಬರೆದಿಟ್ಟಿದ್ದನ್ನೇ ಅವಳು ಒಂದು ನೋಟದಲ್ಲಿ ಓದಿದ್ದಳು. ಅವಮಾನ ಮುಚ್ಚಿಕೊಳ್ಳಲು ನಾನು ಇಂಟರ್‌ನೆಟ್ಟಿನಲ್ಲಿ ಅಕ್ಕನಿಗೆ ಸಮುದ್ರ ತೋರಿಸಿದೆ. ಅಲೆಗಳು ಗೋಡೆಯಗಲಕ್ಕೆ ಎದ್ದು ಬಿದ್ದವು. ಅಕ್ಕ ಮರ್ಯಾದೆಗೆ ಸ್ವಲ್ಪ ಹೊತ್ತು ನೋಡಿ, ‘ನೀರು ಭಾಳ ಐತಿ’ ಎಂದಳು. ಆಮೇಲೆ ಡಿಸ್ಕನ್ನು ತಿರುಗಿ ಇಸಿದುಕೊಂಡು ಸೀರೆಯ ಮಡಿಕೆಯಲ್ಲಿಟ್ಟು, ‘ಇರ್ಲಿ ತಗೋ ಬಸೂ, ಇಷ್ಟ ದಿನ ನೋಡಿಲ್ಲ, ಇನ್ನ ನಾಲ್ಕ ದಿನಕ್ಕ ಏನಾಗ್ತೈತಿ’ ಎಂದಳು.

ಇನ್ನು ಮುಂದಿನದು ನಿಮಗೆ ಹೇಳದೆ ಬಿಡಬಹುದಿತ್ತು. ಮರುದಿನವೇ ಹೋಗಿ ಕರಿಯದನ್ನು ತಂದೆ ಎಂದರೆ ನೀವು ನಂಬುತ್ತಿದ್ದಿರಿ. ನಾನು ತರಲಿಲ್ಲ. ಬದಲಾಯಿಸಿಕೊಳ್ಳುವುದೋ, ಬಿಳಿಯದಕ್ಕೆ ಹೊರಗಿನಿಂದ ಏನಾದರೂ ಜೋಡಿಸಲು ಬರುತ್ತದೋ, ಡಿಸ್ಕನ್ನೇ ಬೇರೆ ರೂಪಕ್ಕೆ ಇಳಿಸಿಕೊಂಡು ಬರುವುದೋ, ಇಳಿಸುವಾಗ ಕೆಟ್ಟರೆ ಏನು ಗತಿ ಎಂದು ಹೊಸ ಪುಟ ತೆರೆದೆ. ಪಾಟೀಲರಿಗೆ ಫೋನು ಮಾಡಿದೆ, ವಿರೂಪಾಕ್ಷಪ್ಪನಿಗೆ ಮಾಡಿದೆ. ಒಬ್ಬರು ಹಾಗೆಂದರು, ಒಬ್ಬರು ಹೀಗೆಂದರು. ನಡುವೆ ಪರೀಕ್ಷೆಗಳು ಬಂದವು, ಉತ್ತರಪತ್ರಿಕೆಗಳು ಬಂದವು. ತಪ್ಪು ಆರಿಸಿದವರಿಗೆ ನಿರ್ದಾಕ್ಷಿಣ್ಯವಾಗಿ ಸೊನ್ನೆ ಹಾಕಿದೆ.

ಒಂದು ಮುಂಜಾನೆ ಅಕ್ಕ ನನಗೆ ಚಹಾ ಕೊಡಲು ಬಂದಳು. ಬಸಿಗೆ ಬಗ್ಗಿಸಲು ಹೋಗಿ ಪಕ್ಕದ ನೆಲಕ್ಕೆ ಸುರಿದಳು. ನಾನು ತಲೆಯೆತ್ತಿ ನೋಡಿದಾಗ ಅವಳು ನನ್ನನ್ನೇ ನೋಡುತ್ತಿದ್ದಳು, ನಗುತ್ತಿದ್ದಳು. ‘ಲೇ ಬಸೂ, ನಿನ್ನ ಮಾರಿ ಎಲ್ಲಿ ಇಟ್ಟಿಯೋ? ಬರೇ ಕಿವಿ ಕಾಣಾಕತ್ತಾವು. ಆ ಕಡೀಗೊಂದು, ಈ ಕಡೀಗೊಂದು.’ ತಮಾಷೆಗೆ ಕೈ ಚಾಚಿ ಬಲಗಿವಿಯನ್ನು ಹಿಡಿದಳು, ಗುರಿ ತಪ್ಪಲಿಲ್ಲ. ಚಿಕ್ಕಂದಿನಲ್ಲಿ ಹಿಂಡಿದ ಕಿವಿ, ದಾರಿ ಗೊತ್ತಿತ್ತು. ಅವತ್ತೂ ಹಿಂಡಿದ್ದರೆ ಬುದ್ಧಿ ಬರುತ್ತಿತ್ತು, ಅವಳು ಬರೀ ಸವರಿ ಬಿಟ್ಟಳು.

ಅವತ್ತು ಶಾಲೆಗೆ ರಜೆ ಹಾಕಿ ಶಿಗ್ಗಾಂವಿಗೆ ಹೋದೆ. ಅಂಗಡಿಗಲ್ಲ, ವಿರೂಪಾಕ್ಷಪ್ಪನ ಮನೆಗೇ ನುಗ್ಗಿ, ಕರಿಯ ಪೆಟ್ಟಿಗೆಯನ್ನು ಅದರ ಟವೆಲ್ಲಿನ ಸಮೇತ ಎತ್ತಿಕೊಂಡು ಬಂದೆ. ಆತ ಯಾಕೆ ಎಂದು ಕೇಳಲಿಲ್ಲ, ವೈರುಗಳನ್ನು ಸುತ್ತಿ ಕೊಟ್ಟ. ಇಷ್ಟು ಸುಲಭದ ಕೆಲಸವಾಗಿತ್ತು ಅದು, ಮೊದಲ ಭಾನುವಾರವೇ ಆಗುವಂಥದ್ದು. ಸಂಜೆ ಪೆಟ್ಟಿಗೆ ಡಿಸ್ಕನ್ನು ನುಂಗಿತು. ಡೋಲು, ತಾಳ ಕೇಳಿತು. ಪರದೆಯ ತುಂಬ ಮಾಮಾ ಬಂದು ನಿಂತರು, ಕೆಂಪು ಸೀರೆ, ಕಿರೀಟ, ಬಣ್ಣ ಬಳಿದುಕೊಂಡ ಕೆನ್ನೆ. ಹಾಡು ಎತ್ತಿಕೊಂಡರು. ಅಕ್ಕ ಎರಡೂ ಕೈಯನ್ನು ಬಾಯಿಗೆ ಒತ್ತಿಕೊಂಡಳು. ಎದುರಿಗೆ ಎಷ್ಟು ಹೊತ್ತು ನೋಡಿದರೂ ಅವಳಿಗೆ ಅಲ್ಲಿ ಏನೂ ಇರಲಿಲ್ಲ. ಆಮೇಲೆ ಮೆಲ್ಲಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಕಣ್ಣಂಚಿನಲ್ಲಿ ಉಳಿದದ್ದರಿಂದ ನೋಡುತ್ತಿದ್ದಳು. ಹೊಸದಾಗಿ ಬಂದ ಸೊಸೆ ಹಾಗೆ ಕೂರುವುದನ್ನು ನೀವು ಕಂಡಿರಬಹುದು.

‘ಕೆಂಪಂದು ಏನೋ ಅಡ್ಡಾಡತೈತಿ’ ಎಂದಳು. ‘ಅದ ಹೌದಲ್ಲೋ?’

‘ಅದ ಅಕ್ಕಾ.’

‘ಹೆಂಗ ಕಾಣ್ತಾರ? ಸುಳ್ಳ ಹೇಳಬ್ಯಾಡ.’

ನಾನು ಕಂಡದ್ದನ್ನೇ ಹೇಳಿದೆ. ಸೀರೆ ಕಣಕಾಲಿಗಿಂತ ಮೇಲೇರಿದೆ, ನಿರಿಗೆ ಒಂದು ಪಕ್ಕಕ್ಕೆ ಜಾರಿದೆ, ಸೆರಗನ್ನು ಟವೆಲ್ಲಿನಂತೆ ಹೆಗಲ ಮೇಲೆ ಎಸೆದುಕೊಂಡಿದ್ದಾರೆ ಎಂದೆ. ಅಕ್ಕ ನಗತೊಡಗಿದಳು. ನಗು ನಿಲ್ಲದೆ ಕಣ್ಣಲ್ಲಿ ನೀರು ಬಂತು, ಆ ಕಣ್ಣಿಗೆ ಅದೊಂದು ಕೆಲಸ ಇನ್ನೂ ಬರುತ್ತಿತ್ತು. ‘ನಿರಿಗಿ ನಾ ಹಿಡಿದು ಕೊಡ್ತೇನಿ ಅಂತ ಎಷ್ಟ ಬಡ್ಕೊಂಡೆ. ಕೇಳಲಿಲ್ಲ. ಊರ ಮುಂದ ಹಂಗ ನಿಂತು ನನ್ನ ಸೀರಿ ಮಾನ ಕಳದ್ರು’ ಎಂದಳು. ಶಾಂತಾ ಅಡಿಗೆಮನೆಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಈಗ ದಿನಾ ಸಂಜೆ ಅದೇ ಆಟ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಕೂರುತ್ತಾಳೆ, ನಾನು ಪಕ್ಕದಲ್ಲಿ ಕುಳಿತು ರಾಣಿ ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು ಎಂದು ಹೇಳುತ್ತೇನೆ. ವಿರೂಪಾಕ್ಷಪ್ಪ ಪೆಟ್ಟಿಗೆಯನ್ನು ತಿರುಗಿ ಕೇಳಿಲ್ಲ. ಬಿಳಿಯದು ಕಪಾಟಿನ ಮೇಲಿದೆ, ಇವತ್ತಿಗೂ ಅದರೊಳಗೆ ಒಂದು ಇರುವೆ ಹೋಗಿಲ್ಲ. ಮೊನ್ನೆ ಆಟದ ನಡುವೆ ಅಕ್ಕ ನನ್ನ ಕಿವಿಯ ಕಡೆ ತಿರುಗಿ, ‘ಹೌದ ಬಸೂ, ಆ ಬಿಳೀ ಪೆಟಗಿಗೆ ಬಾಯಿದ್ದಿದ್ರ, ನಿಮ್ಮ ಮಾಮಾ ಅದರಾಗ ಇನ್ನೂ ಚಂದ ಕಾಣ್ತಿದ್ರೇನೋ?’ ಎಂದು ಕೇಳಿದಳು. ಅವಳು ಕೇಳಿದ್ದು ಛೇಡಿಸಲಿಕ್ಕೆ, ಅದು ನನಗೆ ಗೊತ್ತಿತ್ತು. ಆದರೂ ನಾನು ಕರಿಯದನ್ನೊಮ್ಮೆ, ಬಿಳಿಯದನ್ನೊಮ್ಮೆ ನೋಡಿ, ಉತ್ತರ ಕೊಡುವ ಮೊದಲು ಯೋಚಿಸತೊಡಗಿದೆ.