ಪಾಲಹಳ್ಳಿ ಯಜಮಾನರು ಹೇಳಿದ ಸಾಕ್ಷಿ

ಒಂದು ಫಜೀತಿ ಮುಗಿಯಿತು, ಉಸ್ಸಪ್ಪಾ ಎಂದು ಕೂತರೆ ದೇವರು ಇನ್ನೊಂದನ್ನು ಕಳಿಸಿರುತ್ತಾನೆ. ನನ್ನ ತಾಳ್ಮೆ ಎಷ್ಟಿದೆಯೆಂದು ಅವನಿಗಿನ್ನೂ ಅಂದಾಜು ಸಿಕ್ಕಿಲ್ಲ. ನಾನು ಬಡಗಿಗಳ ಮನೆಯವನು. ಆದರೆ ನನ್ನ ಕೆಲಸ ಹುಡುಗರ ಜೊತೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕನ್ನೂ ಸ್ಕೂಟರಿನಲ್ಲಿ ಸುತ್ತಿ, ಓದು ಬಿಟ್ಟು ಅಲೆಯುವವರನ್ನು ಮಾತಾಡಿಸಿ ಒಂದು ದಾರಿಗೆ ಹಚ್ಚುವುದು. ವಯಸ್ಸು ಮೂವತ್ತೈದು, ಬೆನ್ನುನೋವು ಉಂಟು, ಮದುವೆಯಿಲ್ಲ. ಎಲ್ಲಾ ಕಾಳಮ್ಮನ ಚಿತ್ತ.

೧. ಕಟ್ಟೆ ಕೆಲಸ

ಸಂತೆಬಾಚಹಳ್ಳಿಯ ಅರಳಿಕಟ್ಟೆಯ ಮೇಲೆ ಆರೇಳು ಹುಡುಗರ ನಡುವೆ ಕೂತಿದ್ದೆ. ಒಬ್ಬನ ಅಪ್ಪ ಟ್ರಾಕ್ಟರು ನಿಲ್ಲಿಸಿ ಇಳಿದು ಬಂದು ನನ್ನ ಉದ್ಯೋಗ ವಿಚಾರಿಸಿದ. ಇವರ ಜೊತೆ ಕೂತು ಮಾತಾಡುವುದು ಎಂದೆ. ಅದಕ್ಕೆ ಸಂಬಳ ಉಂಟಾ ಎಂದ. ಉಂಟು ಎಂದೆ. ಅವನು ಮಗನ ಕಡೆ ತಿರುಗಿದ.

"ಲೇ, ಮೂರು ವರ್ಸದಿಂದ ಇದೇ ಕೆಲ್ಸಾನ ಪುಗಸಟ್ಟೆ ಮಾಡ್ತಾ ಇದ್ದೀಯಲ್ಲಾ, ಇವರ ತಾವ ಒಂದು ಅರ್ಜಿನಾರ ಹಾಕ್ಲಾ."

೨. ಏಲಕ್ಕಿ ಹಾರ

ಹೀಗಿರುವಾಗ ಆಸ್ಟ್ರೇಲಿಯಾದವರು ನರ್ಸುಗಳನ್ನೂ ಎಂಜಿನಿಯರುಗಳನ್ನೂ ಕರೆಸಿಕೊಳ್ಳುವಂತೆ ಹುಡುಗರ ಜೊತೆ ಕೆಲಸ ಮಾಡುವ ನಮ್ಮಂಥವರನ್ನೂ ಕರೆಸಿಕೊಳ್ಳುತ್ತಾರೆಂದು ತಿಳಿಯಿತು. ರಂಗನಾಥನಿಗೆ ಕೈಮುಗಿದು ಅರ್ಜಿ ಹಾಕಿದೆ. ಈ ಕೆಲಸ ನಿಜವಾಗಿಯೂ ಮಾಡಿದ್ದೇನೆಂದು ಸಾಬೀತಾದರೆ ಮಾತ್ರ ಫೈಲು ಮುಂದಕ್ಕೆ ಹೋಗುತ್ತದೆ. ಮೊದಲು ಕೆಲಸ ಮಾಡುತ್ತಿರುವ ಫೋಟೋ ಕೇಳಿದರು.

ಹೊಣಕೆರೆಯ ಹುಡುಗರಿಗೆ, ದಿನಾ ಇದ್ದ ಹಾಗೇ ಇರಿ ಎಂದು ಹೇಳಿಟ್ಟಿದ್ದೆ. ಹೋಗಿ ನೋಡಿದರೆ ಶಾಮಿಯಾನ. ಎಲ್ಲರಿಗೂ ಇಸ್ತ್ರಿ ಮಾಡಿದ ಬಿಳಿ ಅಂಗಿ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಪೇಟ ಇಟ್ಟು, ಶಾಲು ಹೊದಿಸಿ, ಏಲಕ್ಕಿ ಹಾರ ಹಾಕಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಬೇಡವೆಂದರೆ, ಪರದೇಶದವರು ನೋಡುವ ಫೋಟೋದಲ್ಲಿ ನಿನ್ನನ್ನು ಬರೀ ಅಂಗಿಯಲ್ಲಿ ತೋರಿಸಲಾಗುತ್ತಾ ಎಂದು ನನಗೇ ಗದರಿದರು. ಅರ್ಜಿ ನೋಡಿಕೊಳ್ಳುತ್ತಿದ್ದ ಮೈಸೂರಿನ ಏಜೆಂಟಮ್ಮ ಫೋನ್ ಮಾಡಿ ನಿಟ್ಟುಸಿರು ಬಿಟ್ಟರು.

"ಸಾರ್, ಕೆಲಸ ಮಾಡೋದು ಕಳಿಸಿ ಅಂದ್ರೆ ರಿಟೈರ್ ಆಗಿದ್ದು ಕಳಿಸಿದ್ದೀರಲ್ಲ."

೩. ಮೊದಲನೇ ಫೋನು

ಪಾಲಹಳ್ಳಿಯ ಯಜಮಾನರೊಬ್ಬರ ಜಗಲಿಯಲ್ಲಿ ಪ್ರತಿ ಭಾನುವಾರ ಹುಡುಗರನ್ನು ಸೇರಿಸುತ್ತಿದ್ದೆ. ಹಾಗಾಗಿ ಸಾಕ್ಷಿಗೆ ಅವರ ನಂಬರು ಕೊಟ್ಟೆ. ತಪಾಸಣೆಯ ಕಚೇರಿಯಿಂದ ಕನ್ನಡ ಬಲ್ಲ ಹೆಂಗಸೊಬ್ಬರು ಅವರಿಗೆ ಫೋನ್ ಮಾಡಿದರು. ಸಂಜೆ ಯಜಮಾನರು ನನ್ನನ್ನು ಕರೆಸಿ, ಕಾಫಿ ಕೊಡಿಸಿ, ಸಂತೋಷದಿಂದ ವರದಿ ಒಪ್ಪಿಸಿದರು. ಗುರುತಿಲ್ಲದ ಹೆಂಗಸು ಮದುವೆಯಾಗದ ಗಂಡಿನ ನಡತೆ ವಿಚಾರಿಸಿದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ: ಹೆಣ್ಣಿನ ಕಡೆಯವರು. ಅವರಿಗೆ ಹೇಳುವ ಉತ್ತರವೂ ಒಂದೇ.

"ಚಿನ್ನದಂತ ಹುಡುಗ ಕಣವ್ವ ಅಂದೆ. ಪೋಲಿ ಹೈಕಳ ಸಾವಾಸಾನೇ ಇಲ್ಲ, ಅಂತವರು ಎದುರಿಗೆ ಬಂದ್ರೆ ತಲೆ ಬಗ್ಗಿಸ್ಕಂಡು ಆ ಕಡೆ ಓಯ್ತಾನೆ ಅಂದೆ. ಎಲ್ಲಾ ಬರ್ಕಂಡ್ರು ಕಣ್ಲಾ."

ಬರೆದುಕೊಂಡೇ ಇದ್ದರು. ವಾರದೊಳಗೆ ಪತ್ರ ಬಂತು. ಅರ್ಜಿದಾರರಿಗೆ ಯುವಜನರ ಸಂಪರ್ಕವೇ ಇಲ್ಲವೆಂದು ಅವರದೇ ಸಾಕ್ಷಿ ತಿಳಿಸಿರುತ್ತಾರೆ. ಇನ್ನೊಂದೇ ಸಲ ವಿಚಾರಿಸುತ್ತೇವೆ.

೪. ಎರಡನೇ ಫೋನು

ಒಂದು ಮಧ್ಯಾಹ್ನವೆಲ್ಲ ಕೂತು ಯಜಮಾನರಿಗೆ ಬಿಡಿಸಿ ಹೇಳಿದೆ. ಇದು ನೌಕರಿಯ ವಿಚಾರ, ನನ್ನ ಸಹವಾಸ ಎಂಥದೋ ಹಾಗೇ ಹೇಳಿಬಿಡಿ ಎಂದೆ. ಹಾಗೆ ಹೇಳಿದರೆ ನಿನಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ಮುಖ ಸಣ್ಣ ಮಾಡಿಕೊಂಡೇ ಒಪ್ಪಿದರು.

ಫೋನು ಬಂದಾಗ ಪಕ್ಕದಲ್ಲೇ ಇದ್ದೆ, ಮನಸ್ಸಿನಲ್ಲಿ ರಂಗನಾಥನ ಜಪ. ಸ್ಪೀಕರಿನಲ್ಲಿ ಆಕೆ ಅದೇ ಪ್ರಶ್ನೆ ಕೇಳಿದರು.

"ಸುಳ್ಳೇಳಿದ್ದೆ ಕಣವ್ವ," ಎಂದರು ಯಜಮಾನರು. "ಇವನಿಗೆ ಇರೋದೆಲ್ಲಾ ಪೋಲಿಗಳ ಸಾವಾಸಾನೇ. ನನ್ ಮೊಮ್ಮಗ ನಾಲೆಗೆ ಬೀಳಕ್ಕೋಗಿದ್ದ. ಇವನು ಪಕ್ಕದಲ್ಲೇ ಏರಿ ಮ್ಯಾಲೆ ಸಂಜೆಗಂಟ ಮಾತಾಡಿಸ್ತಾ ಕುಂತಿದ್ದು, ಕೈ ಇಡ್ಕಂಡು ಮನೆಗೆ ಕರ್ಕಂಬಂದ. ಈಗ ಮೊಮ್ಮಗ ಪಾಂಡವಪುರದಲ್ಲಿ ಗ್ಯಾರೇಜ್ ಕೆಲ್ಸ ಕಲೀತಾವ್ನೆ."

ಆಕೆ ಇದನ್ನೂ ಬರೆದುಕೊಂಡರು. ಆಮೇಲೆ, ಇಷ್ಟು ಸಾಕು, ಫೈಲು ಮುಂದೆ ಕಳಿಸುತ್ತೇನೆ ಎಂದರು. ಅಪ್ಪಾ ರಂಗನಾಥ ಎಂದು ಕಣ್ಣು ಮುಚ್ಚಿ ಕೈಮುಗಿದೆ. ಕಣ್ಣು ಬಿಡುವಷ್ಟರಲ್ಲಿ ಯಜಮಾನರು ಫೋನನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡಿದ್ದರು.

"ತಡೀರವ್ವ, ಮಡಗಬ್ಯಾಡಿ. ನಮ್ ಹುಡುಗನ ವಿಚಾರ ಎರಡೆರಡು ಸಲ ಕೇಳುದ್ರಿ, ಮುಚ್ಚುಮರೆ ಇಲ್ದಂಗೆ ಏಳಿವ್ನಿ. ಈಗ ನೀವೇಳಿ, ಹುಡುಗಿ ಏನು ಓದವ್ಳೆ?"