ಮುನ್ನೂರ ನಲವತ್ತೇಳು ಒಂಟಿ ಗುಂಡಿಗಳ ಪರವಾಗಿ

ಮಾನ್ಯ ಜಾಲತಾಣ ತಪಾಸಣಾ ಯಂತ್ರದವರೇ,

ಕಣ್ಣಿಲ್ಲದೆ ಓದುವ, ಕೈಯಿಲ್ಲದೆ ಬರೆಯುವ, ಊಟ ನಿದ್ದೆಗಳ ಗೊಡವೆಯಿಲ್ಲದೆ ಪರರ ತಪ್ಪು ಹುಡುಕುವ ತಮಗೆ, ಅಂಗಿ ಕೋಟುಗಳ ಗುಂಡಿ ಮಾರುವ ಸಣ್ಣ ಅಂಗಡಿಯೊಂದರ ಅರ್ಧ ಪಾಲುದಾರನ ಪೂರ್ಣ ನಮಸ್ಕಾರಗಳು. ಇನ್ನರ್ಧದ ಪಾಲುದಾರಳಾದ ನನ್ನ ತಂಗಿ ನಮಸ್ಕಾರ ಕಳಿಸಿಲ್ಲ. ಕೇಳಿದ್ದಕ್ಕೆ "ಅದಕ್ಕೆ ನಾನ್ಯಾಕೆ ಕೈ ಮುಗೀಲಿ, ಅದೇನು ನಮ್ಮ ಗಿರಾಕಿಯಾ?" ಎಂದಳು. ಅವಳ ಪರವಾಗಿ ಕ್ಷಮೆ ಕೋರಿ ವಿಷಯಕ್ಕೆ ಬರುತ್ತೇನೆ.

ನಮ್ಮ ಅಂಗಡಿಯ ಮೂರು ಗೋಡೆಗಳಿಗೂ ನೆಲದಿಂದ ಸೂರಿನವರೆಗೆ ಮರದ ಪುಟ್ಟ ಡ್ರಾಯರುಗಳಿವೆ, ಪ್ರತಿಯೊಂದರ ಮುಖಕ್ಕೂ ಒಳಗಿರುವ ಗುಂಡಿಯ ಮಾದರಿಯೊಂದನ್ನು ದಾರದಿಂದ ಕಟ್ಟಿದೆ. ಡ್ರಾಯರು ಖಾಲಿಯಾದರೂ ಮುಖದ ಮೇಲಿನ ಆ ಕೊನೆಯ ಗುಂಡಿಯನ್ನು ನಾವು ಎಸೆಯುವುದಿಲ್ಲ. ಎಲ್ಲೋ ಯಾರಿಗೋ ಅದೊಂದೇ ಬೇಕಾಗಿರುತ್ತದೆ ಎಂದು ಅಪ್ಪ ಹೇಳುತ್ತಿದ್ದರು, ನಾವು ಕಾಯುತ್ತೇವೆ. ಹೀಗೆ ಕಾಯುತ್ತ ಕುಳಿತ ಒಂಟಿ ಗುಂಡಿಗಳು ಮುನ್ನೂರ ನಲವತ್ತೇಳು. ತಂಗಿಯ ಅಳಿಯ ನಮಗೊಂದು ಜಾಲತಾಣ ಮಾಡಿಕೊಟ್ಟಾಗ ಡ್ರಾಯರಿಗೊಂದು ಪುಟದಂತೆ ಇವಕ್ಕೂ ಒಂದೊಂದು ಪುಟ ಸಿಕ್ಕಿತು.

ಆಮೇಲೆ ಎದುರು ಸಾಲಿನಲ್ಲಿ ಗಾಜಿನ ಬಾಗಿಲಿನ ಹೊಸ ಅಂಗಡಿ ಬಂತು. ಅವರು ಗುಂಡಿಯನ್ನು ನೂರರ ಕಟ್ಟಿನಲ್ಲಿ ಮಾತ್ರ ಮಾರುತ್ತಾರೆ. ಆದರೂ ಯಾರಾದರೂ ಗುಂಡಿಯೆಂದು ಹುಡುಕಿದರೆ ಅವರ ಹೆಸರು ಮೊದಲನೆಯ ಪುಟದ ನೆತ್ತಿಯ ಮೇಲೆ, ನಮ್ಮದು ಆರನೆಯ ಪುಟದ ಪಾದದ ಬಳಿ. ಗಿರಾಕಿಗಳು ಮೆಟ್ಟಿಲು ಮರೆತರು. ಅಳಿಯ ಗಾಬರಿಯಾಗಿ ತಮ್ಮ ಮೊರೆ ಹೊಕ್ಕದ್ದು ಆಗಲೇ. ತಾವು ನಾಲ್ಕೇ ನಿಮಿಷದಲ್ಲಿ ನಮ್ಮ ತಾಣವನ್ನೆಲ್ಲ ಜಾಲಾಡಿ ಸಾವಿರದ ಒಂಬೈನೂರ ನಾಲ್ಕು ದೋಷಗಳನ್ನು ಪಟ್ಟಿ ಮಾಡಿ, ನೂರಕ್ಕೆ ಇಪ್ಪತ್ತಮೂರು ಅಂಕ ದಯಪಾಲಿಸಿದಿರಿ. ಹಿಂದೆ ಅಳತೆ ತೂಕದ ಇನ್ಸ್‌ಪೆಕ್ಟರೊಬ್ಬರು ವರ್ಷಕ್ಕೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ತಪ್ಪು, ತಕ್ಕಡಿಯ ತಟ್ಟೆಯಲ್ಲೊಂದು ನೆಗ್ಗು. ಅದನ್ನು ಬರೆದುಕೊಳ್ಳುವಾಗಲೂ ನಾಚಿಕೊಂಡಿದ್ದರು. ಅವರೆಲ್ಲಿ, ತಾವೆಲ್ಲಿ!

ತಮ್ಮ ಅಪ್ಪಣೆಯನ್ನು ನಾವು ತಲೆಯ ಮೇಲಿಟ್ಟುಕೊಂಡು ಪಾಲಿಸಿದ್ದಕ್ಕೆ ಡ್ರಾಯರುಗಳೇ ಸಾಕ್ಷಿ. ಚಿತ್ರಗಳು ಭಾರವಾದವು ಎಂದಿರಿ, ಇಳಿಸಿದೆವು. ಪ್ರತಿ ಚಿತ್ರಕ್ಕೂ ಕಾಣದವರಿಗಾಗಿ ಮಾತಿನ ವಿವರಣೆ ಬೇಕು ಎಂದಿರಿ, ಮನೆಯಲ್ಲಿ ಪುಸ್ತಕ ಓದುವವನು ಎಂಬ ಅಪವಾದ ಹೊತ್ತಿರುವ ನನಗೆ ಆ ಕೆಲಸ ಬಿತ್ತು. ಎಂಬತ್ತೆಂಟು ಡ್ರಾಯರುಗಳಿಗೆ ನಾನು "ಕಪ್ಪು ಗುಂಡಿ, ನಾಲ್ಕು ತೂತು" ಎಂದು ಬರೆದುಬಿಟ್ಟಾಗ, ಒಂದೇ ಮಾತು ಎಂಬತ್ತೆಂಟು ಸಲ ಬಂದಿದೆ ಎಂದು ಗದರಿದಿರಿ. ಸರಿ, ಅಳಿಯ ಅಲ್ಲ ಮಗಳ ಗಂಡ ಎನ್ನುವ ಧಾಟಿಯಲ್ಲಿ ಮಾತು ತಿರುಗಿಸಲು ಕೂತೆ. ತಂಗಿ ಕನ್ನಡಕ ಮೂಗಿನ ತುದಿಗೆ ಜಾರಿಸಿ, "ಅಣ್ಣಾ, ಕೂತಲ್ಲೇ ಕತೆ ಕಟ್ಟಬೇಡ. ಒಂದೊಂದನ್ನೂ ಕೈಯಲ್ಲಿ ಹಿಡಿದು, ನೋಡಿ ಬರಿ" ಎಂದಳು.

ಮೂರು ವಾರ ನಾವಿಬ್ಬರೂ ಏಣಿ ಹತ್ತಿ ಇಳಿದು ಅದನ್ನೇ ಮಾಡಿದೆವು. ಒಂದು ಕಪ್ಪು ಗುಂಡಿಗೆ ಅಂಚಿನಲ್ಲಿ ಹಗ್ಗ ಹೊಸೆದಂಥ ಕೆತ್ತನೆಯಿತ್ತು, ಮತ್ತೊಂದು ಮುಟ್ಟಿದರೆ ಹೊಳೆಯ ಕಲ್ಲಿನಷ್ಟು ತಣ್ಣಗಿತ್ತು, ಇನ್ನೊಂದು ಸಾಲ ಕೇಳಲು ಬಂದವನ ಹಾಗೆ ಮಂಕಾಗಿತ್ತು. ಎಲ್ಲವನ್ನೂ ಹಾಗೇ ಬರೆದೆ. ಬಾಗಿಲ ಬೆಳಕಿಗೆ ಹಿಡಿದಾಗ ಹನ್ನೊಂದು ಕಪ್ಪುಗಳು ಕಡುನೀಲಿಯೆಂದು ಗೊತ್ತಾಯಿತು. ನಲವತ್ತು ವರ್ಷ ಅವನ್ನು ಕಪ್ಪೆಂದೇ ಕೊಂಡವರೆಲ್ಲರ ಕ್ಷಮೆಯನ್ನು ಈ ಬಹಿರಂಗ ಪತ್ರದ ಮೂಲಕವೇ ಕೇಳುತ್ತಿದ್ದೇನೆ. ಅಂಕ ಅರವತ್ತನಾಲ್ಕಕ್ಕೆ ಏರಿತು. ತಂಗಿಗೆ ಗೊತ್ತಾಗದಂತೆ ನಾನು ತಮ್ಮನ್ನು ಮೆಚ್ಚಿಕೊಂಡೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ತಾವು ಎರಡನೆಯ ವರದಿಯಲ್ಲಿ ನಮ್ಮ ಮುನ್ನೂರ ನಲವತ್ತೇಳು ಒಂಟಿ ಗುಂಡಿಗಳ ಪುಟಗಳನ್ನು "ಅನಾಥ ಪುಟಗಳು" ಎಂದು ಕರೆದಿರಿ. ಬೇರೆ ಯಾವ ಪುಟವೂ ಅವುಗಳ ದಾರಿ ತೋರಿಸುವುದಿಲ್ಲವಂತೆ, ಯಾರೂ ಬರುವುದಿಲ್ಲವಂತೆ, ಅಳಿಸಿಹಾಕುವುದೇ ಲೇಸಂತೆ. ಅಳಿಯ ವರದಿ ಹಿಡಿದು ಬಂದು "ಅತ್ತೆ, ಇವನ್ನು ತೆಗೆದ್ರೆ ಎಂಬತ್ತು ದಾಟ್ತೀವಿ" ಎಂದ. "ನಿನ್ನ ಎಂಬತ್ತನ್ನ ಯಾವ ಕೋಟಿಗೆ ಹೊಲೀಲಪ್ಪಾ?" ಎಂದಳು ತಂಗಿ. ಮಾತಿಗೆ ಮಾತು ಬೆಳೆದು ಕೊನೆಗೊಂದು ಒಪ್ಪಂದವಾಯಿತು: ತಿಂಗಳು ಮುಗಿಯುವುದರೊಳಗೆ ಆ ಪುಟಗಳಲ್ಲಿ ಒಂದನ್ನಾದರೂ ನೋಡಿ ಒಬ್ಬರಾದರೂ ಫೋನು ಮಾಡಿದರೆ ಎಲ್ಲವೂ ಉಳಿಯಬೇಕು, ಮಾಡದಿದ್ದರೆ ಪುಟಗಳನ್ನು ಅಳಿಸಿ, ಖಾಲಿ ಡ್ರಾಯರುಗಳನ್ನೂ ಕಿತ್ತು, ಗಾಜಿನ ಕಪಾಟು ಕೂರಿಸಬೇಕು.

ಆ ತಿಂಗಳು ತಂಗಿ ಫೋನನ್ನು ಕಂಕುಳಿಂದ ಇಳಿಸಲಿಲ್ಲ. ಸಾಲ ಕೊಡುತ್ತೇವೆ ಎಂದು ಕರೆ ಮಾಡಿದವರನ್ನೂ ಬಿಡದೆ "ನಿಮ್ಮ ಅಂಗಿ ಗುಂಡಿ ಎಲ್ಲಾ ಸರಿಯಾಗಿದೆಯಾ?" ಎಂದು ವಿಚಾರಿಸಿದಳು. ಇಪ್ಪತ್ತೆಂಟನೆಯ ತಾರೀಕಿನವರೆಗೂ ಎಲ್ಲರ ಗುಂಡಿಗಳೂ ಸರಿಯಾಗಿಯೇ ಇದ್ದವು.

ಇಪ್ಪತ್ತೊಂಬತ್ತರಂದು ಒಬ್ಬ ಸಂಗೀತದ ಮೇಡಂ ಫೋನು ಮಾಡಿದರು. ಅವರಮ್ಮನ ಹಳೆಯ ಕೋಟಿನ ಎರಡನೆಯ ಗುಂಡಿ ಕಳೆದಿತ್ತು, ಮರುವಾರ ಅದೇ ಕೋಟು ತೊಟ್ಟು ವೇದಿಕೆಯ ಮೇಲೆ ಹಾಡಬೇಕೆಂಬುದು ಅವರ ಆಸೆ. ಅವರು ಹುಡುಕಿದ್ದು, ಜನ ಹೀಗೇ ಹುಡುಕುತ್ತಾರೆಂದು ಅಳಿಯ ನಮಗೆ ಹೇಳಿಕೊಟ್ಟಿದ್ದ ಯಾವ ಪದದಿಂದಲೂ ಅಲ್ಲ. ಕೈಯಲ್ಲಿದ್ದ ಜೊತೆ ಗುಂಡಿಯನ್ನು ನೋಡುತ್ತ, "ಕಂದು ಕೋಟಿನ ಗುಂಡಿ, ಬೆಕ್ಕಿನ ಕಣ್ಣಿನ ಹಾಗೆ ಹಳದಿ ಗೆರೆ" ಎಂದು ಒತ್ತಿದ್ದರು. ನಮ್ಮ ಮೇಲಿನ ಸಾಲಿನ ಒಂಟಿ ಗುಂಡಿಯೊಂದಕ್ಕೆ ನಾನು ಬರೆದದ್ದೂ ಅದನ್ನೇ: ಕಂದು, ದಪ್ಪ ಕೋಟಿನದು, ಬೆಕ್ಕಿನ ಕಣ್ಣಿನಂಥ ಹಳದಿ ಗೆರೆ, ಒಂದೇ ಇದೆ. ಮೊದಲನೆಯ ಪುಟದಲ್ಲಿ, ಮೊದಲನೆಯ ಸಾಲಿನಲ್ಲಿ, ಎದುರಂಗಡಿಯ ನೆತ್ತಿಗಿಂತ ಒಂದು ಗೇಣು ಮೇಲೆ ನಾವೇ ಇದ್ದೆವಂತೆ. "ನೀವು ನಿಧಾನವಾಗಿ ಬನ್ನಿ, ಬೇರೆ ಯಾರಿಗೂ ಕೊಡಲ್ಲ" ಎಂದು ತಂಗಿ ಭರವಸೆ ಕೊಟ್ಟಳು. ಇಪ್ಪತ್ತಾರು ವರ್ಷದಲ್ಲಿ ಅದನ್ನು ಬೇರೆ ಯಾರೂ ಕೇಳಿರಲಿಲ್ಲ.

ಮೇಡಂ ಮಧ್ಯಾಹ್ನವೇ ಬಂದರು. ತಂಗಿ ಏಣಿ ಹತ್ತಿ ದಾರ ಕತ್ತರಿಸಿ ಗುಂಡಿಯನ್ನಿಳಿಸಿ, ಕೋಟನ್ನು ಮಡಿಲಲ್ಲಿಟ್ಟುಕೊಂಡು ತಾನೇ ಹೊಲಿದಳು. ಮೇಡಂ ಕನ್ನಡಿಯ ಮುಂದೆ ನಿಂತು ಕೊರಳವರೆಗೂ ಗುಂಡಿ ಹಾಕಿ ತಂಗಿಯ ಕೈ ಹಿಡಿದುಕೊಂಡರು. ಅಳಿಯ ನನ್ನ ಕಿವಿಯ ಬಳಿ ಬಂದು "ಮಾವ, ಆ ಬೆಕ್ಕಿನ ಕಣ್ಣು ನಿಮಗೇ ಹೊಳೆದದ್ದಾ?" ಎಂದು ಕೇಳಿದ. ತಾವು ಗದರದಿದ್ದರೆ ಹೊಳೆಯುತ್ತಿರಲಿಲ್ಲ ಎಂಬುದನ್ನು ಅವನಿಗೆ ಹೇಳಲಿಲ್ಲ, ತಮಗೆ ಹೇಳುತ್ತಿದ್ದೇನೆ.

ಇಷ್ಟರ ಮೇಲೂ ದೂರೇಕೆ ಎನ್ನುವಿರಾ? ಮಾರಾಟವಾದ ಆ ಗುಂಡಿಯ ಪುಟವನ್ನು ತೆಗೆದೆವು. ಮರುದಿನ ಬೆಳಿಗ್ಗೆ ತಮ್ಮ ವರದಿ ಬಂತು: "ಪುಟ ಕಾಣೆಯಾಗಿದೆ. ಗಂಭೀರ ದೋಷ." ಅರವತ್ತನಾಲ್ಕು ಅರವತ್ತಮೂರಾಯಿತು. ಅಂಗಡಿ ಯಾತಕ್ಕಾಗಿ ಇದೆಯೋ ಅದನ್ನು ಮಾಡಿದ ದಿನವೇ ತಾವು ಒಂದಂಕ ಕಿತ್ತುಕೊಂಡಿರಿ.

ಆದ್ದರಿಂದ ವಿನಂತಿಯೇನೆಂದರೆ, "ಸಂತೋಷದಿಂದ ಕಾಣೆಯಾದ ಪುಟಗಳು" ಎಂಬ ಸಾಲೊಂದನ್ನು ತಮ್ಮ ವರದಿಯಲ್ಲಿ ಸೇರಿಸಬೇಕು. ಅದಾಗದಿದ್ದರೆ ತಾವೇ ಒಮ್ಮೆ ಗುಂಡಿ ಕಿತ್ತುಹೋದ ಕೋಟು ತೊಟ್ಟು ಅಂಗಡಿಗೆ ದಯಮಾಡಿಸಬೇಕು. ಕೋಟಿಲ್ಲದಿದ್ದರೆ ನನ್ನದನ್ನು ಎರವಲು ಕೊಡುತ್ತೇನೆ. ಎರಡೂ ಆಗದಿದ್ದರೆ ಒಂದನ್ನಾದರೂ ತಿಳಿಸಿ: ಉಳಿದ ಮುನ್ನೂರ ನಲವತ್ತಾರನ್ನೂ ಹೀಗೆಯೇ ಕಾಣೆ ಮಾಡಬೇಕೆಂದು ನಾವು ಹೊರಟಿದ್ದೇವೆ, ಪುಟಕ್ಕೊಂದರಂತೆ ಇಳಿಸಲು ತಮ್ಮಲ್ಲಿ ಸೊನ್ನೆಯಿಂದ ಕೆಳಗೂ ಅಂಕಗಳಿವೆಯೇ?

ಇಪ್ಪತ್ತಮೂರು ಅಂಕದ ದಿನದಿಂದಲೂ ತಮ್ಮ ವಿಶ್ವಾಸಿ,
ಗುಂಡಿ ಅಂಗಡಿಯ ಅಣ್ಣ

ತಾ.ಕ.: ಎದುರಂಗಡಿಗೆ ತಾವು ತೊಂಬತ್ತಾರು ಅಂಕ ಕೊಟ್ಟಿರುವಿರೆಂದು ತಿಳಿದು ಹೃತ್ಪೂರ್ವಕವಾಗಿ ಸಂತೋಷಪಟ್ಟೆವು. ಅದರ ಯಜಮಾನರು ನಿನ್ನೆ ತಮ್ಮ ಕೋಟಿಗೆ ಒಂದೇ ಒಂದು ಗುಂಡಿ ಬೇಕಾಗಿ ರಸ್ತೆ ದಾಟಿ ನಮ್ಮಲ್ಲಿಗೆ ಬಂದಿದ್ದರು, ಸಿಕ್ಕಿತು. ಮೇಲೆ ಮುನ್ನೂರ ನಲವತ್ತಾರು ಎಂದಿರುವಲ್ಲಿ ಮುನ್ನೂರ ನಲವತ್ತೈದು ಎಂದೂ, ಅರವತ್ತಮೂರು ಎಂದಿರುವಲ್ಲಿ ಅರವತ್ತೆರಡು ಎಂದೂ ದಯವಿಟ್ಟು ಓದಿಕೊಳ್ಳುವುದು.